ನಾಲಗೆಗೆ ಹಚ್ಚಿದ ಕಲ್ಲು

ಅಪ್ಪಾ,

ನೀನು ಸತ್ತು ಆರು ವರ್ಷವಾಯಿತು. ಆದರೂ ಇವತ್ತು ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ.

ಚಂದ್ರನ ಮೇಲಿನ ಖನಿಜಗಳನ್ನು ಬೆಳಕಿನಿಂದಲೇ ಗುರುತಿಸುವ ಅಂಗೈಯಗಲದ ಸ್ಪೆಕ್ಟ್ರೋಮೀಟರನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತಿದ್ದೆವು. ಜೋಯಿಡಾದ ಗಣಿಯಿಂದ ನೀನು ತಂದಿದ್ದ ಕರಿಕಲ್ಲನ್ನೇ ಮುಂದಿಟ್ಟೆ. ಮುಟ್ಟದೆಯೇ ಅದು ಮ್ಯಾಂಗನೀಸ್ ಎಂದು ತೋರಿಸಿತು. "ನಮ್ಮಪ್ಪಗ ಇದೆಲ್ಲಾ ಬೇಕಾಗಿರಲಿಲ್ಲ" ಎನ್ನುತ್ತ, ಅದಿರು ಆರಿಸುವಾಗ ನೀನು ಮಾಡುತ್ತಿದ್ದಂತೆ ಕಲ್ಲನ್ನು ನಾಲಗೆಗೆ ಹಚ್ಚಲು ಹೋದೆ. ಜೊತೆಗಿದ್ದ ಸುಮಿತಾ ಕೈ ಹಿಡಿದಳು.

"ಹುಚ್ಚೇನ ನಿನಗ? ಇದರ ಧೂಳು ವರ್ಷಗಟ್ಟಲೆ ಮೈಯಾಗ ಹೋದ್ರ ಕೈ ನಡುಗಾಕ ಹತ್ತತಾವು."

ನಡುಗುವ ನಿನ್ನ ಕೈ ನೋಡಿ ದಾಂಡೇಲಿಯ ಡಾಕ್ಟರು "ಕುಡೀತೀಯೇನು?" ಎಂದಾಗ ಯಾಕೆ ಹೂಂ ಅಂದೆ? ಗಣಿಯ ಹೆಸರೆತ್ತಿದರೆ ಕೆಲಸ ಹೋಗುತ್ತಿತ್ತು, ಗೊತ್ತು. ಡಾಕ್ಟರಿಗೆ ಬೇಡ, ನನಗಾದರೂ ಹೇಳಬಹುದಿತ್ತಲ್ಲ. ಊರೆಲ್ಲ ನಿನ್ನನ್ನು ಕುಡುಕ ಎಂದಿತು. ನಿನ್ನ ಬಾಯಿ ಒಂದು ದಿನವೂ ನಾರಲಿಲ್ಲ. ಆದರೂ ನಾನು ನಂಬಿದೆ.

ನನ್ನ ನಿಶ್ಚಯದ ದಿನ ಬೀಗರ ಮುಂದೆ ನಿನ್ನ ಕೈಯಿಂದ ಚಹಾ ಚೆಲ್ಲಿತು. ಆಗ ನಿನಗೆ ಅಂದ ಮಾತನ್ನು ಬರೆಯಲೆಂದೇ ಕೂತಿದ್ದೇನೆ. ಕೈ ಏಳುತ್ತಿಲ್ಲ.