ಏರಿ ಇಲ್ಲದ ನೀರು

ಹನಗೋಡು,
೧೨-೧-೨೦೨೫, ಭಾನುವಾರ.

ಕೂಸೆ ಪೂಜಾ,

ನಿನ್ನ ಅಜ್ಜಿ ಮಂಗಳಮ್ಮ ಮಾಡುವ ಆಶೀರ್ವಾದ. ಮೈ ಹೇಗಿದೆ? ಅಂಕೋಲೆಯಲ್ಲಿ ಹಿಮ್ಮಡಿಗೆ ಎದ್ದಿದ್ದ ಬೊಬ್ಬೆ ಒಣಗಿತೆ? ಹರಳೆಣ್ಣೆ ಹಚ್ಚಿ ಮಲಗು ಅಂದಿದ್ದೆ, ಹಚ್ಚಿದೆಯೋ ಇಲ್ಲವೋ. ಗುರುವಾರದಿಂದ ನೀನು ಬರೀ ನೀರು, ಬೆಲ್ಲ, ಎರಡು ಗುಟುಕು ಗಂಜಿಯಲ್ಲಿದ್ದೀಯ ಎಂದು ನಿನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಸುಧಾ ಹೇಳಿದಳು. ನಿನ್ನ ಫೋನನ್ನು ಅವಳೇ ಎತ್ತಿಕೊಂಡು ಮಾತಾಡಿದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಮ್ಮ ನೀಲಾಂಬಿಕೆಗೆ ಅವರೆಕಾಯಿ ಸುಲಿದೂ ಸುಲಿದೂ ಉಗುರು ಕಪ್ಪಾಗಿದೆ. ಹೊಗೆಸೊಪ್ಪು ಮಾರುಕಟ್ಟೆಗೆ ಹೋಗಿ ಮುಗಿಯಿತು, ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಈಗ ಬೆಕ್ಕು ಮರಿ ಹಾಕಿದೆ. ಕೆಂದ ಹಸು ಹೆಣ್ಣುಗರು ಹಾಕಿತು, ಹಣೆಯಲ್ಲಿ ಬಿಳಿ ಬೊಟ್ಟು. ನೀನು ಬಂದು ಹೆಸರಿಡುತ್ತೀಯ ಎಂದು ಹಾಗೇ ಬಿಟ್ಟಿದ್ದೇವೆ.

ನೀನು ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರದ ಅಂಚಿನಲ್ಲೇ ಒಬ್ಬಳೇ ನಡೆಯುತ್ತೀನಿ ಅಂದಾಗಿನಿಂದ ಊರಿಗೆ ಬೇರೆ ಮಾತಿಲ್ಲ. ನಮ್ಮ ಕಡೆ ಅಷ್ಟು ದೂರ ನಡೆಯುವವರು ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ, ಧರ್ಮಸ್ಥಳಕ್ಕೆ ನಡೆಯುತ್ತಾರೆ, ಅದೂ ಪರಸೆ ಕಟ್ಟಿಕೊಂಡು, ಹಿಂದೆ ಅಕ್ಕಿ ಪಾತ್ರೆಯ ಟೆಂಪೋ ಇಟ್ಟುಕೊಂಡು. ಪಕ್ಕದ ಮನೆಯ ಪುಟ್ಟಮಲ್ಲಪ್ಪ ದಿನಾ ಜಗುಲಿಗೆ ಬಂದು, "ಅಲ್ಲಾ ಮಂಗಳಮ್ಮೋರೆ, ಯಾವ್ ದೇವ್ರಿಗ್ ಅರಕೆ ಅಂತ ಏಳ್ಬಾರ್ದಾ?" ಅನ್ನುತ್ತಿದ್ದ. ಹರಕೆ ಇಲ್ಲ, ಸುಮ್ಮನೆ ನಡೆಯುತ್ತಿದ್ದಾಳೆ ಅಂದರೆ ನಂಬಲಿಲ್ಲ. "ಸುಮ್ಕೆ ಯಾರ್ ನಡೀತಾರೆ, ಬುಡಿ" ಅಂದ. ಇನ್ನೊಂದು ದಿನ, ರಾತ್ರಿ ಹೊತ್ತು ಆ ಏರಿ ಮೇಲೆ ಬೀದಿದೀಪ ಇದೆಯೋ ಇಲ್ಲವೋ ಎಂದು ಕೇಳಿದ. ಸಮುದ್ರಕ್ಕೂ ನಮ್ಮ ಕೆರೆಯ ಹಾಗೆ ಏರಿ ಕಟ್ಟಿರುತ್ತಾರೆ, ನೀನು ಅದರ ಮೇಲೆ ಹೋಗುತ್ತಿದ್ದೀಯ ಎಂದುಕೊಂಡಿದ್ದ ಪಾಪ. ನಾನು ನಗಲಿಲ್ಲ. ನೀನು ಹೇಳುವ ತನಕ ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆ.

ದಾರಿ ಹೇಗೆ ಗೊತ್ತಾಗುತ್ತೆ ಎಂದು ನಾನು ಕೇಳಿದ್ದಕ್ಕೆ, "ಸಮುದ್ರ ಬಲಗೈಗೆ ಇರಬೇಕು, ಅಷ್ಟೇ ದಾರಿ ಅಜ್ಜಿ" ಅಂದೆ. ಆಮೇಲೆ ದಿನಾ ಸಾಯಂಕಾಲ ನಿನ್ನ ಫೋನ್ ಬಂದಾಗ ನಾನು ಗೋಡೆಗೆ ಬಲಗೈ ಕೊಟ್ಟು ಕೂತು ಕೇಳುತ್ತಿದ್ದೆ. ಗೋಕರ್ಣದ ಹತ್ತಿರ ಉಪ್ಪಿನ ಗದ್ದೆ ಇದೆ, ಭತ್ತದ ಗದ್ದೆಯ ಹಾಗೇ ಬದು ಕಟ್ಟಿ ನೀರು ನಿಲ್ಲಿಸಿ ಒಣಗಿಸುತ್ತಾರೆ ಅಂದೆ. ಅದನ್ನು ನಿಮ್ಮಪ್ಪನಿಗೆ ಹೇಳಿದರೆ, ಬೆಳೆ ಬರುವ ಗದ್ದೆ ಬಿಟ್ಟು ಉಪ್ಪು ಬರುವ ಗದ್ದೆ ನೋಡಲು ಹೋಗಿದ್ದಾಳೆ ಅಂದ. ಅಘನಾಶಿನಿಯನ್ನು ದೋಣಿಯಲ್ಲಿ ದಾಟುವಾಗ ದೋಣಿಯಲ್ಲಿ ಎರಡು ಸ್ಕೂಟರೂ ಇದ್ದವು ಅಂದಾಗ ನಿಮ್ಮಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಿರ್ಜಾನಿನ ಕೋಟೆಯ ವಿಚಾರ ನನಗೆ ಬಹಳ ಹಿಡಿಸಿತು. ಮೆಣಸು ತುಂಬಿಕೊಂಡು ಹಡಗುಗಳು ದೂರದ ದೇಶಕ್ಕೆ ಹೋಗುತ್ತಿದ್ದ ಊರಿನಲ್ಲಿ ಈಗ ಹುಲ್ಲು ಬೆಳೆದು ದನ ಮೇಯುತ್ತವೆ ಅಂದೆಯಲ್ಲ. ನಮ್ಮ ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಚರಿತ್ರೆ ಓದಿ ಬಂದು ನೀನು ಒಂದು ದಿನವೂ ಹೀಗೆ ಮಾತಾಡಿರಲಿಲ್ಲ. ಸಮುದ್ರದ ಅಂಚಿಗೆ ಹೋದ ಮೇಲೆ ನಿನ್ನ ಮಾತು ಉದ್ದವಾಯಿತು.

ಗುರುವಾರ ನಡೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ ನೋಡು. ಬೆಳಗ್ಗೆ ಧಾರೇಶ್ವರದ ಮರಳಿನಲ್ಲಿ ನೀನು ಮುಖ ತೊಳೆದು ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆ ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಮೊಣಕಾಲುದ್ದ ನೀರಿಗೆ ಇಳಿದೆ. ನಮ್ಮ ಮನೆಯಲ್ಲಿ ಹಾಗೆಯೇ ಮಾಡುವುದು. ಲಕ್ಷ್ಮಣತೀರ್ಥದ ಮೆಟ್ಟಿಲಿಳಿದು, ಬಗ್ಗಿ, ಅಂಗೈಯನ್ನು ನೀರಿಗೆ ಹಿಡಿದರೆ ಹೊಳೆಯೇ ಲಿಂಗಕ್ಕೆ ಮಜ್ಜನ ಮಾಡಿಸಿ ಮುಂದಕ್ಕೆ ಹೋಗುತ್ತದೆ. ನಿನಗೆ ಆರು ವರ್ಷಕ್ಕೆ ದೀಕ್ಷೆಯಾದಾಗ ಹಾಗೇ ಕಲಿಸಿದೆ, ನನಗೂ ನಮ್ಮತ್ತೆ ಹಾಗೇ ಕಲಿಸಿದ್ದು. ಹೊಳೆ ಒಂದೇ ಕಡೆಗೆ ಹೋಗುವ ನೀರು. ಇದು ಬಂದು, ತಿರುಗಿ ಹೋಗಿ, ಮತ್ತೆ ಬರುವ ನೀರು ಎಂದು ನಮ್ಮ ಮನೆಯಲ್ಲಿ ಯಾರಿಗೆ ತಾನೇ ಗೊತ್ತಿತ್ತು? ನೀನು ಬಗ್ಗಿದ್ದೀಯ, ಹಿಂದಿನಿಂದ ಒಂದು ಅಲೆ ಬಂದು ಬೆನ್ನಿಗೆ ಹೊಡೆದು ಕೆಡವಿದೆ. ಎದ್ದು ನೋಡಿದರೆ ಅಂಗೈ ಖಾಲಿ. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಸುಧಾ ನಿನ್ನ ಅಳು ಕೇಳಿ ಬುಟ್ಟಿ ಇಳಿಸಿ ಓಡಿ ಬಂದಳಂತೆ. ಅಂದಿನಿಂದ ನೀರು ಇಳಿದಾಗಲೆಲ್ಲ ನೀವಿಬ್ಬರೂ ಮರಳು ಕೆದಕುತ್ತಿದ್ದೀರಿ. "ಕೊರಳಲ್ಲಿ ಖಾಲಿ ಕರಡಿಗೆ ಹಗುರಾಗಿ ಹೊಯ್ದಾಡ್ತದೆ ಅಜ್ಜಿ, ಅನ್ನ ಇಳಿಯಲ್ಲ, ನಡೆಯೋಕೂ ಕಾಲು ಬರಲ್ಲ" ಅಂದೆ. ನೀನು ಹೇಳಿದ ಮಾತುಗಳಲ್ಲಿ ಕಾಲು ಬರಲ್ಲ ಅಂದದ್ದು ಮಾತ್ರ ನನ್ನ ಕಿವಿಯಲ್ಲಿ ನಿಂತಿತು.

ಫೋನು ಸ್ಪೀಕರಿನಲ್ಲಿತ್ತಲ್ಲ, ಪುಟ್ಟಮಲ್ಲಪ್ಪನಿಗೂ ಕೇಳಿಸಿತು. ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದು ಅಂತ ಹಿಂದಿನವರು ಹೇಳುತ್ತಿದ್ದರು ಎಂದು ಶುರು ಮಾಡಿದ. ನಾನು, "ಅಂಗಾದ್ರೆ ಏನ್ ಮಾಡ್ಬೇಕು ಪುಟ್ಟಮಲ್ಲಪ್ಪ? ಕೂಸ್ನೂ ನೀರಿಗ್ ಆಕ್ಬುಡ್ಬೇಕಾ?" ಅಂದೆ. ಅವನು ಕಂಬಕ್ಕೆ ಒರಗಿ ಕೂತು, "ಕಾಪಿ ಐತಾ?" ಅಂದ. ನಿಮ್ಮಪ್ಪ ಮಾತ್ರ ಆ ರಾತ್ರಿ ಊಟಕ್ಕೆ ಏಳಲಿಲ್ಲ. "ಇದು ಸಾಕು ಅಂತ ದೇವ್ರೇ ಏಳಿದ್ ಕಣವ್ವ. ಒಬ್ಳೇ ಕಳ್ಸಿದ್ದೇ ತಪ್ಪು. ಓಗಿ ಕರ್ಕಂಡ್ ಬತ್ತೀನಿ" ಎಂದು ಹಟ ಹಿಡಿದ. ನನ್ನ ಮಗ ಸಿದ್ದರಾಜು ಕೆಟ್ಟವನಲ್ಲ, ನಿನ್ನನ್ನು ಕಾರವಾರಕ್ಕೆ ಬಿಟ್ಟು ಬಂದವನೂ ಅವನೇ. ಬಿಟ್ಟು ಬಂದ ರಾತ್ರಿಯಿಂದ ಅವನಿಗೆ ನಿದ್ದೆ ಇರಲಿಲ್ಲ, ಈಗ ಒಂದು ಕಾರಣ ಸಿಕ್ಕಿದೆ.

ಶುಕ್ರವಾರ ನಾನು ಮಠಕ್ಕೆ ಹೋಗಿ ವೀರಭದ್ರಸ್ವಾಮಿ ಅಯ್ಯನವರನ್ನು ಕಂಡೆ. ನಿನಗೆ ದೀಕ್ಷೆ ಕೊಟ್ಟವರು ಅವರೇ ಅಲ್ಲವೆ, ಬಯ್ಯುತ್ತಾರೋ ಏನೋ ಎಂದು ಬಾಗಿಲಲ್ಲೇ ನಿಂತೆ. ಅವರು ಹಲಸಂದೆ ಒಣಹಾಕುತ್ತಿದ್ದರು. ಎಲ್ಲ ಕೇಳಿ, ಎಲ್ಲಿ ಹೋಯಿತು ಅಂದರು. ಧಾರೇಶ್ವರ ಅಂದೆ. ನಕ್ಕೇಬಿಟ್ಟರು. "ಆ ದಡದಲ್ಲಿ ರಾವಣನಂಥ ರಾವಣನ ಕೈಲೇ ಲಿಂಗ ನಿಲ್ನಿಲ್ಲ ಮಂಗಳಮ್ಮ, ನಿಮ್ ಪೂಜಾ ಕೈಲಿ ನಿಲ್ತದಾ?" ಅಂದರು. ಆಮೇಲೆ ನಗು ಬಿಟ್ಟು, ಬೇರೆ ಲಿಂಗ ಕೊಡುತ್ತೇನೆ, ಕೊಟ್ಟ ಮೇಲೆ ಅದೇ ನಿನ್ನ ಲಿಂಗ, ಹೋದದ್ದನ್ನು ಹುಡುಕಬಾರದು ಅಂದರು. ಕೊರಿಯರಿನಲ್ಲಿ ಕಳಿಸಬಹುದೇ ಎಂದು ಹಿಂದೆಯೇ ಬಂದಿದ್ದ ನಿಮ್ಮಪ್ಪ ಕೇಳಿದ್ದಕ್ಕೆ ಮಾತ್ರ ಸಿಟ್ಟು ಬಂತು. ಲಿಂಗ ಗುರುವಿನ ಕೈಯಿಂದ ಶಿಷ್ಯೆಯ ಅಂಗೈಗೆ ಬರಬೇಕು, ಸಹಿ ಮಾಡಿ ಇಸಕೊಳ್ಳೋ ಸಾಮಾನಲ್ಲ ಅಂದರು. ಎಪ್ಪತ್ತಾರು ವರ್ಷದವರು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ತಾವೇ ಬರಲು ಒಪ್ಪಿದರು.

ಹಾಗಾಗಿ ನಾಳೆ ಬೆಳಗ್ಗೆ ನಿಮ್ಮಪ್ಪನೂ ಅಯ್ಯನವರೂ ಕಾರಿನಲ್ಲಿ ಹೊರಡುತ್ತಾರೆ. ಲಿಂಗವಿಲ್ಲದೆ ಹೊಸಿಲು ದಾಟುವುದು ಬೇಡ, ಅಲ್ಲೇ ಕಟ್ಟಿಸಿ ಕರೆದುಕೊಂಡು ಬರುತ್ತೇನೆ ಎಂದು ನಿಮ್ಮಪ್ಪನ ಲೆಕ್ಕ. ಸುಧಾಳ ಮನೆಯಲ್ಲಿ ನಿನಗಾಗಿ ಹೊಸ ಮಡಕೆ ತಂದು ಬೇರೆ ಒಲೆಯಲ್ಲಿ ಗಂಜಿ ಮಾಡಿದ್ದು ಕೇಳಿ ನಿಮ್ಮಮ್ಮ ಅತ್ತಳು. "ಉಣ್ಣು ಮಾರಾಯ್ತಿ, ಸಮುದ್ರಕ್ಕೂ ಸಿಟ್ಟಿಲ್ಲ, ನಿನ್ನ ದೇವರಿಗೂ ಸಿಟ್ಟಿಲ್ಲ" ಎಂದು ಅವಳು ನಿನ್ನನ್ನು ಗದರುತ್ತಿದ್ದದ್ದು ನನಗೆ ಫೋನಿನಲ್ಲೇ ಕೇಳಿಸಿತು. ಸಂಕ್ರಾಂತಿಗೆ ಮನೆಯಲ್ಲಿ ಮಾಡಿದ ಎಳ್ಳುಬೆಲ್ಲ ಒಂದು ಡಬ್ಬಿ, ಅವರೆಬೇಳೆ ಒಂದು ಗಂಟು ಅವಳಿಗೆ ಕಳಿಸಿದ್ದೇನೆ. ಕೊಡುವಾಗ ಎರಡು ಕೈಯಲ್ಲಿ ಕೊಡು. ಹುರಿಹಿಟ್ಟು ನಿನಗೆ. ಲಿಂಗ ಕಟ್ಟಿಸಿಕೊಂಡ ಮೇಲೆ ಮೊದಲು ಹೊಟ್ಟೆ ತುಂಬ ಊಟ ಮಾಡು, ಅಳಬೇಡ. ಅಯ್ಯನವರ ಕಾಲಿಗೆ ಬೀಳು, ನಿಮ್ಮಪ್ಪನಿಗೂ ನಮಸ್ಕಾರ ಮಾಡು, ಅವನು ಇನ್ನೂರೈವತ್ತು ಮೈಲಿ ದೂರದಿಂದ ಬಂದಿರುತ್ತಾನೆ.

ಆಲದ ಮರದಂತೆ ನೂರು ಕಾಲ ಬಾಳು. ಮನೆಯಲ್ಲಿ ಎಲ್ಲರೂ ನೆನೆಸಿಕೊಳ್ಳುತ್ತಾರೆ, ಪುಟ್ಟಮಲ್ಲಪ್ಪನೂ.

ಇಂತಿ ನಿನ್ನ ಅಜ್ಜಿ,
ಮಂಗಳಮ್ಮ

ಮರೆತ ಮಾತು: ಮೇಲಿನದನ್ನು ನಿಮ್ಮಪ್ಪ ಓದಿ ನೋಡಿ, ಸರಿಯಾಗಿದೆ ಅಂದು ಕಾರು ತೊಳೆಯಲು ಹೋಗಿದ್ದಾನೆ. ಬೇಗ ಬರೆಯುತ್ತೇನೆ. ಕೂಸೆ, ಕಾರು ಹತ್ತಬೇಡ. ಒಂದು ಸಲ ಹತ್ತಿದೆಯೋ, ಇನ್ನು ಮೇಲೆ ಹುಣಸೂರು ಬಸ್‌ಸ್ಟ್ಯಾಂಡಿಗೂ ನಿನ್ನನ್ನು ಒಬ್ಬಳೇ ಬಿಡುವವರು ಈ ಮನೆಯಲ್ಲಿಲ್ಲ, ಹೋದಲ್ಲೆಲ್ಲ ಸಮುದ್ರದಲ್ಲಿ ಲಿಂಗ ಬಿಟ್ಟವಳು ಅನ್ನುತ್ತಾರೆ. ನಡೆದು ಮುಗಿಸಿದರೆ ಉಳ್ಳಾಲದ ತನಕ ನಡೆದವಳು ಅನ್ನುತ್ತಾರೆ. ಅಯ್ಯನವರಿಗೆ ಹೇಳಿದ್ದೇನೆ, ಅವರು ಒಪ್ಪಿಯೇ ಬರುತ್ತಿರುವುದು. ಊಟ ಮಾಡಿ, ನಮಸ್ಕಾರ ಮಾಡಿ, ಹೋಗಿ ಬರ್ತೀನಪ್ಪ ಎಂದು ಅವನ ಮುಖ ನೋಡಿಯೇ ಹೇಳು. ಕದ್ದು ಹೋಗಬೇಡ. ಕೂಗಾಡುತ್ತಾನೆ, ಕೂಗಾಡಲಿ. ಮಂಡಿ ನೋವಿನವನು ಮರಳಿನಲ್ಲಿ ಎಷ್ಟು ದೂರ ಬಂದಾನು? ಅವನನ್ನು ಅಯ್ಯನವರು ಮಾತಿಗೆ ಕೂರಿಸಿಕೊಳ್ಳುತ್ತಾರೆ, ಅವರು ಮಾತಿಗೆ ಕೂತರೆ ಎದ್ದವರನ್ನು ನಾನು ಕಂಡಿಲ್ಲ. ಸಮುದ್ರವನ್ನು ಬಲಗೈಗೆ ಇಟ್ಟುಕೊಂಡು ನಡಿ. ಇನ್ನು ಮೇಲೆ ಪೂಜೆಗೆ ನೀರಿಗೆ ಇಳಿಯಬೇಡ. ಅಲೆ ಮುಟ್ಟದ ಕಡೆ ಕೂತು, ನೀರನ್ನು ಚೊಂಬಿನಲ್ಲಿ ತಂದು ಹನಿಸು, ಅದೂ ಬಾವಿಯ ಸಿಹಿನೀರಾದರೆ ಒಳ್ಳೆಯದು. ಎಳ್ಳುಬೆಲ್ಲದ ಡಬ್ಬಿಯನ್ನು ಸುಧಾಗೆ ಕೊಡುವ ಮೊದಲು ಒಳಗೆ ಕೈ ಹಾಕಿ ನೋಡು, ನನ್ನ ಹಿತ್ತಾಳೆ ಚೊಂಬು ಇಟ್ಟಿದ್ದೇನೆ. ನಲ್ಲಿಯ ಸದ್ದು ನಿಂತಿತು, ಈ ಕಾಗದವನ್ನೂ ಒಳಗೆ ಹಾಕಿ ಡಬ್ಬಿ ಮುಚ್ಚುತ್ತೇನೆ. ಚೊಂಬನ್ನು ಉಳ್ಳಾಲ ಮುಟ್ಟಿದ ಮೇಲೆ ವಾಪಸು ತಾ, ನಾನು ನೀರು ಕುಡಿಯುವುದು ಅದರಲ್ಲೇ.