ಓಬಳೇಶಪ್ಪನ್ನ ಹೊಡದ ದಿನ

ಲೇ ಗವಿಸಿದ್ದೇಶ್,

ಇವತ್ತು ನಿನ್ನ ವೀಲಿಂಗ್ ಹುಡುಗರು ತಂಬ್ರಹಳ್ಳಿಯಾಗ ಓಬಳೇಶಪ್ಪನ್ನ ಹಿಡದು ಹೊಡದ್ರು. ನೀ ಗುದ್ದಿ ಸತ್ತಿಯಲ್ಲ, ಆ ಟ್ರ್ಯಾಕ್ಟರಿನ ಡ್ರೈವರ್. ನಿನ್ನ ಬೈಕಿನ ಮುರಿದ ಸೈಲೆನ್ಸರ್ ತಂದಿದ್ರು. ಅವರಾಗಿನ ಹೊನ್ನೂರಸ್ವಾಮಿ ಅದರಿಂದಾನ ಬಾರಿಸಿದ. ಹಲ್ಲು ಉದುರಿದ್ವು, ಮೊಣಕೈ ಲಟ್ ಅಂತು.

"ನಾ ನನ್ನ ಸೈಡಿನಾಗ ಬರಾಕತ್ತಿದ್ನಿರಿ, ಆತನ ಬಂದು ಗುದ್ಯಾನ್ರಿ" ಅಂತ ಓಬಳೇಶಪ್ಪ ರಕ್ತ ಉಗುಳಿ ಉಗುಳಿ ಹೇಳಿದ. ಯಾರೂ ಕೇಳಲಿಲ್ಲ.

"ಲೇ ಫೋಟೋದವನ, ಸುಮ್ನ ಯಾಕ ನಿಂತಿ? ಇದನ್ನೂ ತಗಿ" ಅಂದ ಹೊನ್ನೂರಸ್ವಾಮಿ. ನಿಮ್ಮ ಬೈಕಿನ ಬದುಕಿನ ಫೋಟೋ ತಗಿಯಾಕ ಬಂದಾವ ನಾ, ವರ್ಷಗಟ್ಲೆ ನಿಮ್ಮ ಹಿಂದಿನ ಸೀಟಿನಾಗ ತಿರುಗೀನಿ. ಅದಕ್ಕ ನನ್ನೂ ತಮ್ಮಾವ ಅಂದ್ಕಂಡಾರ. ತಗದ್ನಿ.

ಸಂಜಿ ಮನಿಗೆ ಬಂದು ನಿನ್ನ ಕೊನೀ ಫೋಟೋ ನೋಡಿದ್ನಿ. ಅದು ಮಸುಕಾಗೈತಿ ಅಂತ ಎಲ್ಲಾರಿಗೂ ಹೇಳೀನಿ. ಮಸುಕಾಗಿಲ್ಲ. ಟ್ರ್ಯಾಕ್ಟರ್ ತನ್ನ ಸೈಡಿನಾಗ ಐತಿ. ನೀ ಮುಂದಿನ ಗಾಲಿ ಎತ್ತಿ, ರಸ್ತಿ ನೋಡೋದು ಬಿಟ್ಟು, ಸೀದಾ ನನ್ನ ಕ್ಯಾಮೆರಾ ನೋಡಿ ನಗಾಕತ್ತಿ.

ಕ್ಯಾಮೆರಾ ನೋಡಬ್ಯಾಡ್ರಿ ಅಂತ ನಿಮಗೆಲ್ಲ ಮೊದಲ ದಿನಾನ ಹೇಳಿದ್ನಿ. ಆದ್ರ ಹೆಸರು ಹಿಡಿದು ಕರದ್ರ ಸಾಕು, ಎಲ್ಲಿದ್ರೂ ಹೊಳ್ಳಿ ನೋಡ್ತಿದ್ದಿ ನೀ. ಅವತ್ತೂ ನಾನ ಕರದಿದ್ನಿ.