ನರ್ಸ್‌ಗೆ ಸಿಕ್ಕ ಆರು ಸೆಕೆಂಡ್

ಸೆಪ್ಟೆಂಬರ್ 14, ಭಾನುವಾರ

ಗುಬ್ಬಿ ಇನ್ನೂ ಮಾತಾಡಿಲ್ಲ. ಒಂದು ಗೇಮ್‌ಗೆ ಇಷ್ಟೊಂದಾ ಅಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಆ ವಿಡಿಯೋ ಗೇಮ್‌ನ ಕಥೆಯ ನಾಲ್ಕು ಪಾತ್ರಗಳನ್ನು ನಮ್ಮ ಹಾಸ್ಟೆಲ್ ರೂಮಿನ ನಾಲ್ವರು ಹಂಚಿಕೊಂಡಿದ್ದೇವೆ. ಕಂಟ್ರೋಲರ್ ಸರದಿಯಂತೆ ಕೈ ಬದಲಾಗುತ್ತದೆ. ಒಬ್ಬಳು ನಿರ್ಧರಿಸುವಾಗ ಉಳಿದವರು ತುಟಿ ಪಿಟಕ್ ಅನ್ನುವಂತಿಲ್ಲ, ಅದು ರೂಲ್. ನರ್ಸ್ ಗುಬ್ಬಿಯ ಪಾತ್ರ. ಮಧ್ಯಾಹ್ನ ಗೇಮ್‌ನಲ್ಲಿ ಸುರಂಗಕ್ಕೆ ನೀರು ನುಗ್ಗಿದಾಗ ಸರದಿ ನನ್ನದು. ಬಾಗಿಲು ಮುಚ್ಚುವುದೋ, ನರ್ಸ್‌ಗಾಗಿ ಕಾಯುವುದೋ? ನಿರ್ಧರಿಸಲು ಆರು ಸೆಕೆಂಡ್. ಬಾಗಿಲು ಮುಚ್ಚಿತು, ನರ್ಸ್ ಸತ್ತಳು. ಗೇಮ್ ತಾನಾಗಿಯೇ ಸೇವ್ ಆಗಿಬಿಡುತ್ತದೆ, ಹಿಂದಕ್ಕೆ ಹೋಗುವಂತಿಲ್ಲ.

“ನನ್ನ ಹೊರಗೆ ಬಿಟ್ಟು ಬಾಗಿಲು ಹಾಕ್ಕೊಂಡ್ಯಲ್ಲೇ, ಪುಣ್ಯಾತ್ಗಿತ್ತಿ!” ಅಂದಳು ಗುಬ್ಬಿ. ಆಗ ನಗುತ್ತಲೇ ಇದ್ದಳು.

“ಸಾರಿ ಕಣೇ.”

“ಸಾರಿ ಇರ್ಲಿ. ಯಾಕೆ ಹಾಗ್ಮಾಡ್ದೆ, ಅದನ್ನ ಹೇಳು.”

ನಾನು ಕಂಟ್ರೋಲರನ್ನು ಪಕ್ಕದವಳ ಕೈಗಿಟ್ಟೆ. ಗುಬ್ಬಿಯ ನಗು ಹೋಯಿತು.

ನಿಜ ಏನೆಂದರೆ ನಾನು ಏನನ್ನೂ ಒತ್ತಲೇ ಇಲ್ಲ. ಬೆರಳು ಮರಗಟ್ಟಿತ್ತು. ಟೈಮ್ ಮುಗಿದರೆ ಗೇಮೇ ಬಾಗಿಲು ಮುಚ್ಚುತ್ತದೆ. ಬೇಕಂತಲೇ ಬಿಟ್ಟವಳಿಗಿಂತ ಸುಮ್ಮನೆ ನೋಡುತ್ತ ಕೂತವಳು ವಾಸಿಯಾ? ಆರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಇದ್ದೇನೆ. ಊಟಕ್ಕೆ ನನಗೆಂದು ಜಾಗ ಹಿಡಿದಿಟ್ಟವಳು, ಈ ಫಸ್ಟ್ ಇಯರ್‌ನಲ್ಲಿ ಸಿಕ್ಕ ಗುಬ್ಬಿಯೊಬ್ಬಳೇ. ಇವತ್ತು ರಾತ್ರಿ ಹಿಡಿದಿರಲಿಲ್ಲ.

ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಪಾದ ಅಲ್ಲಾಡುತ್ತಿದೆ. ಒಂದು ಸಲ ಕರೆದರೆ ಸಾಕು, ತಿರುಗುತ್ತಾಳೆ. ತಿರುಗಿದ ಮೇಲೆ ಏನು ಹೇಳುವುದು ಅಂತ ಯೋಚಿಸುತ್ತ ಇಷ್ಟು ಬರೆದೆ.

ಪಾದ ಅಲ್ಲಾಡುವುದು ನಿಂತಿತು.